ಫೋಟೋ ಗ್ರೂಪಿಗಿ ಹಾಕ್ರಿ

ಯಾದಗಿರಿ ಜಿಲ್ಲೆಯಲ್ಲಿ ಸರ್ಕಾರಿ ಕೆಲಸಕ್ಕೆ ಮೂರು ಹಂತ: ಫೋಟೋ ತೆಗೆಯುವುದು, ಗ್ರೂಪಿಗೆ ಹಾಕುವುದು, ಸಾಹೇಬರ ಹೆಬ್ಬೆರಳು ಬರುವ ತನಕ ಕಾಯುವುದು. ಇವುಗಳ ನಡುವೆ ಹೊತ್ತು ಉಳಿದರೆ ಕೆಲಸವನ್ನೂ ಮಾಡಬಹುದು. ಅದಕ್ಕೇನೂ ನಿಷೇಧವಿಲ್ಲ.

ಕಚೇರಿಯ ಮಂದಿ ಒಂದೇ ತೆರೆಯ ಮೇಲೆ ಕೂಡಿ ಮಾತಾಡಿ ಕೆಲಸ ಮಾಡಲಿ ಎಂದು ಜಗತ್ತು ಸುರಿದ ದುಡ್ಡು ಸಣ್ಣದಲ್ಲ. ಮೈಕ್ರೋಸಾಫ್ಟ್ 2012ರಲ್ಲಿ ಯಾಮರ್ ಎಂಬ ಕಂಪನಿಯನ್ನು 120 ಕೋಟಿ ಡಾಲರಿಗೆ ಕೊಂಡಿತು. ಸೇಲ್ಸ್‌ಫೋರ್ಸ್ 2021ರಲ್ಲಿ ಸ್ಲ್ಯಾಕ್ ಕೊಳ್ಳಲು ಸುಮಾರು 2,770 ಕೋಟಿ ಡಾಲರ್ ತೆತ್ತಿತು. ಫೇಸ್‌ಬುಕ್ಕಿನವರು ಕಚೇರಿಗಳಿಗೆಂದೇ ವರ್ಕ್‌ಪ್ಲೇಸ್ ಮಾಡಿ, ಸಾಕಾಗಿ, 2024ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚುವುದಾಗಿ ಸಾರಿದರು. ಎಲ್ಲರ ಭರವಸೆ ಒಂದೇ: ಮೇಲಿನವರು ಕೆಳಗಿನವರು ಎಂಬ ಭೇದ ಅಳಿಯುತ್ತದೆ, ಒಬ್ಬನಿಗೆ ಗೊತ್ತಿದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಕಡತ ಓಡಾಡುವ ಬದಲು ಕೆಲಸ ಓಡುತ್ತದೆ. ಶಹಾಪುರ, ಸುರಪುರದಲ್ಲಿ ಒಂದು ಡಾಲರೂ ಖರ್ಚಿಲ್ಲದೆ ವಾಟ್ಸ್‌ಆ್ಯಪಿನಲ್ಲೇ ಇದನ್ನು ಸಾಧಿಸಿದ್ದಾರೆ. ಭೇದ ಅಳಿಸುವ ಭಾಗವನ್ನಷ್ಟೇ ಕೈಬಿಟ್ಟಿದ್ದಾರೆ. ಅಂಗಡಿ ಮುಚ್ಚುವ ಮಾತೂ ಇಲ್ಲ. ಬೀದರಿಗೆ ವರ್ಗವಾಗಿ ಹೋದ ಸಾಹೇಬರು ಇಲ್ಲಿ ಇನ್ನೂ ಅಡ್ಮಿನ್. ಅಲ್ಲಿಂದಲೇ ದೀಪಾವಳಿ ಶುಭಾಶಯ ಕಳಿಸುತ್ತಾರೆ, ಇಲ್ಲಿನವರೆಲ್ಲ ಕೈಮುಗಿಯುತ್ತಾರೆ.

2009ರ ಡಿಸೆಂಬರ್ 30ರಂದು ಜಿಲ್ಲೆ ಹುಟ್ಟಿದಾಗ ತಾಲ್ಲೂಕು ಮೂರೇ: ಯಾದಗಿರಿ, ಶಹಾಪುರ, ಸುರಪುರ. ಆಮೇಲೆ ಗುರುಮಠಕಲ್, ವಡಗೇರಾ, ಹುಣಸಗಿ ಸೇರಿ ಆರಾದವು. ಹೊಸ ತಾಲ್ಲೂಕಿಗೆ ಕಟ್ಟಡ ಬರಲು ಕಾಲ ಹಿಡಿಯುತ್ತದೆ, ಸಿಬ್ಬಂದಿ ಬರಲು ಇನ್ನೂ ಹಿಡಿಯುತ್ತದೆ. ಗ್ರೂಪ್ ಮಾತ್ರ ಘೋಷಣೆಯಾದ ಸಂಜೆಯೇ ತಯಾರು. ಈ ಭಾಗಕ್ಕೆ ವಿಶೇಷ ಸ್ಥಾನಮಾನದ 371(ಜೆ) ವಿಧಿ ಸಿಗಲು ವರ್ಷಗಟ್ಟಲೆ ಹೋರಾಡಬೇಕಾಯಿತು. ಆದರೆ 2022ರಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನ ಮಿತಿ 256ರಿಂದ 512ಕ್ಕೆ, ಅಲ್ಲಿಂದ 1,024ಕ್ಕೆ ಏರಿದ್ದು ಯಾವ ಧರಣಿಯೂ ಇಲ್ಲದೆ. ಹಾಗಾಗಿ ಹುದ್ದೆಗಳು ಖಾಲಿ ಇದ್ದರೂ ಗ್ರೂಪುಗಳು ಭರ್ತಿಯಾಗಿವೆ.

ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಎಂದರೆ ಏನೆಂದು ತಿಳಿದಿರಿ? ಉದ್ಯೋಗ ಖಾತ್ರಿಗೊಂದು ಗ್ರೂಪು, ಕುಡಿಯುವ ನೀರಿಗೊಂದು, ತೆರಿಗೆ ವಸೂಲಿಗೊಂದು, ಶೌಚಾಲಯಕ್ಕೊಂದು, ಚುನಾವಣೆಗೊಂದು. ಚುನಾವಣೆ ಮುಗಿದರೂ ಆ ಗ್ರೂಪು ಮುಗಿಯುವುದಿಲ್ಲ, ಮುಂದಿನದಕ್ಕೆ ಬೇಕಾಗುತ್ತದೆ. ಬರುವ ಸಂದೇಶಗಳಲ್ಲಿ ‘ತುರ್ತು’ ಎಂದಿದ್ದರೆ ನಾಳೆ ನೋಡಬಹುದು, ‘ಅತಿ ತುರ್ತು’ ಎಂದಿದ್ದರೆ ಸಂಜೆಗೆ. ಏನೂ ಬರೆಯದೆ ಬರೀ ಪಿಡಿಎಫ್ ಬಿದ್ದಿದ್ದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಫ್ರಾನ್ಸಿನಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂದೇಶದಿಂದ ಬಿಡುಗಡೆ ಪಡೆಯುವ ಹಕ್ಕು 2017ರ ಜನವರಿ 1ರಿಂದ ಕಾನೂನಾಗಿದೆ. ಇಲ್ಲಿ ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶಕ್ಕೆ ಹನ್ನೊಂದೂ ಹತ್ತಕ್ಕೆ ‘ಸರಿ ಸರ್’ ಬರದಿದ್ದರೆ, ಹನ್ನೊಂದೂಕಾಲಿಗೆ ಇನ್ನೊಂದು ಸಂದೇಶ: ‘ಕೆಲವರು ನೋಡಿಯೂ ಉತ್ತರಿಸಿಲ್ಲ.’

ಗ್ರೂಪಿನಲ್ಲಿ ಏನು ಹಾಕಬಹುದು ಎಂಬುದಕ್ಕೆ ಲಿಖಿತ ನಿಯಮವಿಲ್ಲ. ಏನು ಹಾಕಬಾರದು ಎಂಬುದು ಮಾತ್ರ ಎಲ್ಲರಿಗೂ ಬಾಯಿಪಾಠ. ಸಸಿ ನೆಟ್ಟ ಫೋಟೋ ಹಾಕಬಹುದು. ಸಸಿ ಒಣಗಿದ್ದು ಹಾಕಬಾರದು. ಸಾಹೇಬರು ಭೇಟಿ ಕೊಟ್ಟ ಫೋಟೋ ಹಾಕಬಹುದು. ಭೇಟಿಯಲ್ಲಿ ಊರವರು ಕೇಳಿದ ಪ್ರಶ್ನೆ ಹಾಕಬಾರದು. ಹೊಸದಾಗಿ ಬಂದ ಹುಡುಗ ಉತ್ಸಾಹದಲ್ಲಿ ‘ಸರ್, ನಮ್ಮಲ್ಲಿ ಆಪರೇಟರ್ ಇಲ್ಲ, ಮೂರು ದಿನದಿಂದ ಕರೆಂಟೂ ಇಲ್ಲ’ ಎಂದು ಬರೆದನೆನ್ನಿ. ಗ್ರೂಪು ಗಪ್‌ಚುಪ್. ಐದು ನಿಮಿಷಕ್ಕೆ ಫೋನು: ‘ತಮ್ಮಾ, ಇಂಥಾದ್ದೆಲ್ಲ ಗ್ರೂಪಿನ್ಯಾಗ ಹಾಕಬ್ಯಾಡ. ನನಗ ಬ್ಯಾರೆ ಕಳಸು. ಮ್ಯಾಲಿನವ್ರು ನೋಡ್ತಾರ.’ ಮೇಲಿನವರು ನೋಡಲಿ ಎಂದು ಕಟ್ಟಿದ ಗ್ರೂಪು ಅದು. ನೋಡಬೇಕಾದ್ದು ಅವರಿಗೆ ಕಾಣಬಾರದು, ಅಷ್ಟೆ. ಮರುದಿನ ಗ್ರೂಪಿನ ಬೀಗ ಬದಲಾಗುತ್ತದೆ: ಇನ್ನು ಮೇಲೆ ಅಡ್ಮಿನ್ ಮಾತ್ರ ಬರೆಯಬಹುದು. ಕೂಡಿ ಕೆಲಸ ಮಾಡುವ ವ್ಯವಸ್ಥೆ ಅಲ್ಲಿಗೆ ಸಂಪೂರ್ಣ ಜಾರಿಯಾಯಿತು.

ದೊಡ್ಡ ಕಂಪನಿಗಳು ತಮ್ಮ ತಂತ್ರಾಂಶದ ಬಳಕೆದಾರರ ಸಮುದಾಯವನ್ನು ವರ್ಷಕ್ಕೊಮ್ಮೆ ಹೋಟೆಲಿಗೆ ಕರೆದು ಊಟ ಹಾಕಿ, ಟೀ ಶರ್ಟು ಹಂಚಿ, ‘ನಿಮಗೇನು ತೊಂದರೆ?’ ಎಂದು ಕೇಳುತ್ತವಂತೆ. ನಮ್ಮ ರಾಜ್ಯದಲ್ಲಿ ಅಂಥ ಸಮುದಾಯ ಸೇರಿದ್ದು ತಹಶೀಲ್ದಾರ್ ಕಚೇರಿಗಳ ಮುಂದಿನ ಶಾಮಿಯಾನದ ಕೆಳಗೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿದರು. ಹದಿನೇಳಕ್ಕೂ ಹೆಚ್ಚು ಆ್ಯಪುಗಳಲ್ಲಿ ಕೆಲಸ ಮಾಡಿಸುತ್ತೀರಿ, ಮೊಬೈಲು ಕೊಟ್ಟಿಲ್ಲ, ಲ್ಯಾಪ್‌ಟಾಪ್ ಕೊಟ್ಟಿಲ್ಲ, ಇಂಟರ್‌ನೆಟ್ ಕೊಟ್ಟಿಲ್ಲ ಎಂಬುದು ಅವರ ದೂರು. ಬೇಡಿಕೆಯ ಪಟ್ಟಿಯಲ್ಲಿ ಮೇಜು, ಕುರ್ಚಿಯೂ ಇದ್ದವು. ಬಗರ್ ಹುಕುಂ ಆ್ಯಪಿಗೆ, ಲ್ಯಾಂಡ್ ಬೀಟ್ ಆ್ಯಪಿಗೆ, ಬೆಳೆ ಸಮೀಕ್ಷೆಯ ಆ್ಯಪಿಗೆ ಒಬ್ಬನೇ ಮನುಷ್ಯ, ಒಂದೇ ಸ್ವಂತ ಫೋನು. ಆ ಫೋನಿನಲ್ಲಿ ಮಗಳ ಹುಟ್ಟುಹಬ್ಬದ ಫೋಟೋ ಅಳಿಸಿ ಸರ್ಕಾರಿ ಹಳ್ಳದ ಫೋಟೋಗೆ ಜಾಗ ಮಾಡಿಕೊಂಡವರು ಅವರು. ಆಶ್ವಾಸನೆ ಸಿಕ್ಕಿತು, ಎದ್ದರು. 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಬಳಕೆದಾರರ ಅಭಿಪ್ರಾಯ ಪಡೆಯುವ ನಮ್ಮ ಪದ್ಧತಿ ಇದು: ಶಾಮಿಯಾನದ ಬಾಡಿಗೆ ಬಳಕೆದಾರರದೇ.

ಇನ್ನೂ ಕೆಳಗೆ ಇಳಿದರೆ ಕಾಯಕ ಬಂಧು ಸಿಗುತ್ತಾಳೆ. ಉದ್ಯೋಗ ಖಾತ್ರಿ ಕೂಲಿಕಾರರ ಮುಖಂಡಳಿಗೆ ಕರ್ನಾಟಕ ಕೊಟ್ಟ ಹೆಸರು ಅದು. 2021ರಲ್ಲಿ ಕೇಂದ್ರ ಸರ್ಕಾರ ಎನ್‌ಎಂಎಂಎಸ್ ಎಂಬ ಹಾಜರಾತಿ ಆ್ಯಪ್ ತಂದಿತು; 2023ರ ಜನವರಿ 1ರಿಂದ ವೈಯಕ್ತಿಕ ಫಲಾನುಭವಿಗಳ ಕೆಲಸ ಬಿಟ್ಟು ಉಳಿದೆಲ್ಲ ಕಾಮಗಾರಿಗೂ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ, ಜಾಗ ಮತ್ತು ವೇಳೆಯ ಗುರುತಿನೊಂದಿಗೆ ಕೂಲಿಕಾರರ ಫೋಟೋ ಹೋಗಬೇಕು. ಏಪ್ರಿಲ್ ತಿಂಗಳ ಯಾದಗಿರಿಯಲ್ಲಿ ಬುದ್ಧಿ ಇದ್ದವರು ನಸುಕಿನಲ್ಲೇ ಹೋಗಿ, ಝಳ ಏರುವುದರೊಳಗೆ ಅಳತೆಯಷ್ಟು ಮಣ್ಣು ತೆಗೆದು ಮನೆ ಸೇರುತ್ತಾರೆ. ಆ್ಯಪಿಗೆ ಝಳ ತಾಗುವುದಿಲ್ಲ. ಅದಕ್ಕೆ ಮಧ್ಯಾಹ್ನದ ಫೋಟೋ ಬೇಕು. ಹಾಗಾಗಿ ಕೆಲಸ ಮುಗಿಸಿದವರು ಫೋಟೋ ಮುಗಿಸಲು ಬಿಸಿಲಲ್ಲಿ ಕೂಡುತ್ತಾರೆ. ‘ಸೆರಗು ಸರಸ್ರೆವ್ವಾ, ಮಾರಿ ಕಾಣವಲ್ದು’ ಎಂದು ಕಾಯಕ ಬಂಧು ಕೂಗುತ್ತಾಳೆ. ಫೋಟೋ ತೆಗೆದು ಸಿಗ್ನಲ್ ಹುಡುಕುತ್ತ ದಿನ್ನೆ ಹತ್ತುತ್ತಾಳೆ. ಎಷ್ಟು ಮಣ್ಣು ಅಗೆದರು ಎಂಬುದಕ್ಕಿಂತ ಎಷ್ಟು ಮಾರಿ ಕಂಡವು ಎಂಬುದು ಈಗ ಮುಖ್ಯ.

ಈ ಸತ್ಯವನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ಮಲ್ಹಾರದಲ್ಲಿ ಸಿಕ್ಕರು. ಯಾದಗಿರಿ ತಾಲ್ಲೂಕಿನ ಈ ಊರು 2025ರಲ್ಲಿ ದೇಶದ ಸುದ್ದಿಯಾಯಿತು. ನಾಲಾ ಕಾಮಗಾರಿಯ ಕೂಲಿ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು. ಆ್ಯಪಿಗೆ ಏರಿದ ಫೋಟೋದಲ್ಲಿ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ನಿಂತ ಗಂಡಸರು. ದೊಡ್ಡಾಟದಲ್ಲಿ ಸ್ತ್ರೀಪಾತ್ರ ಕಟ್ಟುವ ಗಂಡಸು ಮೀಸೆ ಬೋಳಿಸಿ, ಬಣ್ಣ ಹಚ್ಚಿ, ಬಳುಕಲು ಕಲಿಯಬೇಕಿತ್ತು. ಎದುರಿಗೆ ಕೂತ ಜನಕ್ಕೆ ಕಣ್ಣಿದ್ದವಲ್ಲ. ಇಲ್ಲಿ ಪ್ರೇಕ್ಷಕ ಸರ್ವರ್ ಆದ್ದರಿಂದ ಆರು ಗಜದ ಬಟ್ಟೆ ಸಾಕಾಯಿತು.

ಅವರನ್ನು ಕಳ್ಳರೆನ್ನುವುದು ಸುಲಭ, ತಪ್ಪೂ ಅಲ್ಲ. ಆದರೆ ತಂತ್ರಾಂಶದ ಅತ್ಯಂತ ಪ್ರಾಮಾಣಿಕ ಬಳಕೆದಾರರೂ ಅವರೇ. ಅದು ಹೆಣ್ಣಾಳನ್ನು ಕೇಳಿರಲಿಲ್ಲ, ಹೆಣ್ಣಾಳಿನ ಚಿತ್ರ ಕೇಳಿತ್ತು, ಚಿತ್ರ ಕೊಟ್ಟರು. ಮೇಲಿನ ಗ್ರೂಪುಗಳಲ್ಲಿ ದಿನವೂ ಇದೇ ನಡೆಯುತ್ತದೆ: ಸಭೆಗೆ ಸಭೆಯ ಫೋಟೋ, ತಪಾಸಣೆಗೆ ತಪಾಸಣೆಯ ಫೋಟೋ, ಪ್ರಗತಿಗೆ ಬ್ಯಾನರಿನ ಫೋಟೋ. ಅಲ್ಲಿ ಸೀರೆಯ ಬದಲು ಸಫಾರಿ ಇರುತ್ತದೆ ಎಂಬುದಷ್ಟೇ ವ್ಯತ್ಯಾಸ. ಮಲ್ಹಾರದ ಪ್ರಕರಣದಲ್ಲಿ ತಪ್ಪು ಒಬ್ಬ ಹೊರಗುತ್ತಿಗೆ ನೌಕರನದೆಂದು ಪಂಚಾಯಿತಿ ಕಡೆಯಿಂದ ಉತ್ತರ ಬಂತು. ನಮ್ಮ ಕಚೇರಿಗಳಲ್ಲಿ ಕೀರ್ತಿ ಕಾಯಂ ಹುದ್ದೆ. ಅಪಕೀರ್ತಿ ಯಾವಾಗಲೂ ಹೊರಗುತ್ತಿಗೆ.

2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯಕ್ಕೂ ಜ್ಞಾನೋದಯವಾಯಿತು. ಆ್ಯಪಿನ ದುರ್ಬಳಕೆಯ ಏಳು ಬಗೆಗಳನ್ನು ಅದು ಸುತ್ತೋಲೆಯಲ್ಲಿ ಪಟ್ಟಿ ಮಾಡಿತು: ಸಂಬಂಧವಿಲ್ಲದ ಚಿತ್ರ ಏರಿಸುವುದು, ಫೋಟೋದ ಫೋಟೋ ತೆಗೆಯುವುದು, ಒಂದೇ ಫೋಟೋ ಹಲವು ಹಾಜರಿ ಪಟ್ಟಿಗೆ ಬಳಸುವುದು, ಗಂಡು-ಹೆಣ್ಣಿನ ಲೆಕ್ಕ ತಾಳೆಯಾಗದಿರುವುದು, ಹೀಗೆ. ಮನುಷ್ಯರನ್ನು ನಂಬದೆ ಯಂತ್ರ ತಂದ ಸರ್ಕಾರ, ಯಂತ್ರವನ್ನು ನಂಬದೆ ಮತ್ತೆ ಮನುಷ್ಯರನ್ನು ಕರೆಯಿತು. ಪ್ರತಿಯೊಂದು ಫೋಟೋವನ್ನೂ ಗ್ರಾಮ ಪಂಚಾಯಿತಿಯಲ್ಲಿ ಕಣ್ಣಾರೆ ಪರಿಶೀಲಿಸಬೇಕು ಎಂದಿತು. ಪರಿಶೀಲಿಸಿದ್ದಕ್ಕೆ ಪುರಾವೆ ಏನು? ಪರಿಶೀಲಿಸುತ್ತಿರುವ ಫೋಟೋ ಗ್ರೂಪಿಗೆ ಬರುವ ದಿನ ದೂರವಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಉದ್ಯೋಗ ಖಾತ್ರಿ ಯೋಜನೆಯ ಹೆಸರನ್ನೇ ಬದಲಿಸಿ, 100 ದಿನವನ್ನು 125 ಮಾಡಿ, ಹೊಸ ಕಾಯ್ದೆ ಪಾಸು ಮಾಡಿತು. ಫೋಟೋ ಬಿಟ್ಟುಹೋಗುವ ಲಕ್ಷಣವಿಲ್ಲ.

ಕ್ಯಾಮೆರಾ ಒಮ್ಮೆಯಾದರೂ ನಿಜ ಹೇಳಿದ್ದಿದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶ ಧೊಪ್ಪನೆ ಬಿತ್ತು, ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನಕ್ಕೆ ಬಂತು. ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿ ಸತ್ಯಕ್ಕೆ ಅಂಗಿ ತೊಡಿಸಿದ ಮೇಲೆ. ಕಾರಣ ಹುಡುಕಲು ಸಭೆ ಸೇರಿದರೆ ಮೇಷ್ಟ್ರು ಏನು ಹೇಳಿಯಾರು? ಹಾಜರಾತಿ ಏರಿಸಿದೆ, ಬಿಸಿಯೂಟದ ಲೆಕ್ಕ ಏರಿಸಿದೆ, ಮಕ್ಕಳ ಮಾಹಿತಿ ಏರಿಸಿದೆ, ಸಮೀಕ್ಷೆ ಏರಿಸಿದೆ. ಏರದೆ ಉಳಿದದ್ದು ಮಕ್ಕಳು ಮಾತ್ರ. ಅವರನ್ನು ಅಪ್‌ಲೋಡ್ ಮಾಡಲು ಆಯ್ಕೆ ಇರಲಿಲ್ಲ.

2018ರ ಜನವರಿಯಲ್ಲಿ ನೀತಿ ಆಯೋಗದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಬಂದಾಗ ಕರ್ನಾಟಕದಿಂದ ಆಯ್ಕೆಯಾದವು ಎರಡು: ರಾಯಚೂರು ಮತ್ತು ಯಾದಗಿರಿ. ಹಿಂದುಳಿದ ಜಿಲ್ಲೆ ಎಂದರೆ ನೋವಾಗುತ್ತದೆಂದು ಮಹತ್ವಾಕಾಂಕ್ಷೆಯನ್ನು ದಯಪಾಲಿಸಿದರು. ದೇಶದ ನೂರಾ ಹನ್ನೆರಡು ಜಿಲ್ಲೆಗಳು, 49 ಸೂಚ್ಯಂಕಗಳು, ಒಂದು ಡ್ಯಾಶ್‌ಬೋರ್ಡ್. ಎಷ್ಟು ಮುಂದಿದ್ದೀರಿ ಎಂಬುದಕ್ಕಿಂತ ಹಿಂದಿನ ಸಲಕ್ಕಿಂತ ಎಷ್ಟು ಏರಿದಿರಿ ಎಂಬುದಕ್ಕೆ ಅಲ್ಲಿ ರ‍್ಯಾಂಕು. ತಳದಲ್ಲಿ ಇರುವವರಿಗೆ ಇಷ್ಟು ಸೌಕರ್ಯದ ಸ್ಪರ್ಧೆ ಬೇರೆಲ್ಲೂ ಇಲ್ಲ. ರ‍್ಯಾಂಕು ಏರಿದ ತಿಂಗಳು ಗ್ರೂಪಿನಲ್ಲಿ ಹೂಗುಚ್ಛಗಳ ಮಳೆ. ಅದೇ ವಾರ ಸುರಪುರ, ಶಹಾಪುರದ ಬಸ್ ನಿಲ್ದಾಣದಲ್ಲಿ ಹಾಸಿಗೆ ಗಂಟು, ಕೊಡ, ಕೂಸು ಕಟ್ಟಿಕೊಂಡು ಬೆಂಗಳೂರು, ಪುಣೆಯ ಕಡೆ ಗುಳೆ ಹೊರಟವರು ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಿಲ್ಲ. ಅವರು ಏರಿದ್ದು ಬಸ್ಸು.

ತಮಾಷೆಯೆಂದರೆ, ಕೂಡಿ ಕೆಲಸ ಮಾಡುವ ತಂತ್ರಾಂಶ ನಿಜವಾಗಿ ಬಳಕೆಯಲ್ಲಿರುವುದು ಅವರ ಫೋನಿನಲ್ಲೇ. ‘ಯಲಹಂಕದಾಗ ಸೆಂಟ್ರಿಂಗ್ ಕೆಲಸ ಅದ, ಆರು ಮಂದಿ ಬೇಕು, ಶೆಡ್ಡು ಅವರೇ ಕೊಡ್ತಾರ. ಆ ಹಳೇ ಮೇಸ್ತ್ರಿ ಕಡಿ ಹೋಗಬ್ಯಾಡ್ರಿ, ರೊಕ್ಕ ಮುರ್ಕೊಂತಾನ.’ ಅರ್ಧ ನಿಮಿಷದ ಒಂದು ವಾಯ್ಸ್ ಮೆಸೇಜು. ಓದು ಬಾರದವರಿಗೂ ತಲುಪುತ್ತದೆ. ಯಾರಿಗೆ ಏನು ಗೊತ್ತೋ ಅದು ಎಲ್ಲರಿಗೂ ಗೊತ್ತಾಗುತ್ತದೆ. ದೂರು ಹೇಳಬಹುದು, ಬೈಯಬಹುದು, ಕೇಳಬಹುದು. ‘ಸರಿ ಸರ್’ ಎನ್ನುವವರು ಯಾರೂ ಇಲ್ಲ, ಸರ್ ಯಾರೂ ಇಲ್ಲವಲ್ಲ. ಸಾವಿರಾರು ಕೋಟಿ ಡಾಲರಿನ ಕಂಪನಿಗಳು ಕೊಟ್ಟ ಭರವಸೆ ಈಡೇರಿದ್ದು ತಗಡಿನ ಶೆಡ್ಡಿನಲ್ಲಿ.

ಫೋಟೋ ಇಲ್ಲದೆಯೂ ಉಳಿದ ಕೆಲಸ ಇಲ್ಲೊಂದಿದೆ. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಸುರಪುರವನ್ನು ಆಳಿದ ನಾಯಕರ ಕಾಲದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿಪಡಿಸಿದ. ಟೇಲರನನ್ನು ಹೊಗಳಿ ಹಾಡಬೇಕಿಲ್ಲ. 1841ರಲ್ಲಿ ಅವನು ಬಂದದ್ದು ಸಂಸ್ಥಾನದ ಲಗಾಮು ಹಿಡಿಯಲು. ಆದರೆ ಕೆರೆ ಇಂದಿಗೂ ಇದೆ, ಪಕ್ಷಿಧಾಮವಾಗಿದೆ, ಚಳಿಗಾಲಕ್ಕೆ ಹೊರನಾಡಿನ ಹಕ್ಕಿಗಳು ಬರುತ್ತವೆ. ಈಗಿನ ನಿಯಮದ ಪ್ರಕಾರ ಆ ಕೆರೆ ಅಸಿಂಧು. ಕಾಮಗಾರಿಗೆ ಮುಂಚೆ ಒಂದು, ನಡೆಯುವಾಗ ಒಂದು, ಮುಗಿದ ಮೇಲೆ ಒಂದು, ಹೀಗೆ ಮೂರು ಹಂತದ ಜಿಪಿಎಸ್ ಫೋಟೋ ಇಲ್ಲದಿದ್ದರೆ ಬಿಲ್ಲು ಆಗುವುದಿಲ್ಲ. ಕೆರೆಯ ದಾಖಲೆಯಲ್ಲಿ ಇರುವುದು ನೀರು ಮಾತ್ರ. ಅದನ್ನು ಪಿಡಿಎಫ್ ಮಾಡಲು ಬರುವುದಿಲ್ಲ.

ಫೋಟೋ ಬೇಡವೆಂದು ಯಾರೂ ಹೇಳುತ್ತಿಲ್ಲ. ಅಷ್ಟು ಒಳ್ಳೆಯ ಪದ್ಧತಿಯಾದರೆ ಒಂದೇ ದಿಕ್ಕಿಗೆ ಯಾಕೆ ಹರಿಯಬೇಕು? ಹೊಸದೊಂದು ಗ್ರೂಪು ಕಟ್ಟೋಣ. ಕಾಯಕ ಬಂಧುಗಳು ಅಡ್ಮಿನ್, ಸಾಹೇಬರುಗಳು ಸದಸ್ಯರು. ದಿನಕ್ಕೆ ಎರಡು ಸಲ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ, ಜಾಗದ ಗುರುತಿನೊಂದಿಗೆ ಅವರ ಮುಖ ಬರಲಿ. ಕುರ್ಚಿಯ ಫೋಟೋ ನಡೆಯದು, ಕುರ್ಚಿಯಲ್ಲಿ ಮನುಷ್ಯ ಇರಬೇಕು. ಕೂಲಿ ಪಾವತಿಗೂ ಮೂರು ಹಂತದ ಫೋಟೋ: ಬಿಲ್ಲು ಬರೆಯುವ ಮುಂಚೆ, ಬಿಲ್ಲು ಓಡಾಡುವಾಗ, ರೊಕ್ಕ ಖಾತೆಗೆ ಬಿದ್ದ ಮೇಲೆ. ಪ್ರತಿಯೊಂದನ್ನೂ ಕೂಲಿಕಾರರು ಕಣ್ಣಾರೆ ಪರಿಶೀಲಿಸಲಿ. ಹದಿನೈದು ದಿನದೊಳಗೆ ಕೂಲಿ ಬರದಿದ್ದರೆ ದಿನಕ್ಕೆ ಶೇ 0.05ರಂತೆ ಪರಿಹಾರ ಕೊಡಬೇಕೆಂದು ಉದ್ಯೋಗ ಖಾತ್ರಿ ಕಾಯ್ದೆಯೇ ಬರೆದಿತ್ತು. 2025-26ರಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಅದರ ಲೆಕ್ಕಕ್ಕೆ ದಿನಕ್ಕೆ ಹದಿನೆಂಟೂವರೆ ಪೈಸೆ. ಸಾಹೇಬರು ಅಷ್ಟನ್ನಾದರೂ ತಪ್ಪದೆ ಹಾಕಿದರೆ, ಅಡ್ಮಿನ್ ದಿನ್ನೆ ಹತ್ತಿ ಸಿಗ್ನಲ್ ಹಿಡಿದು ಒಂದು ಹೆಬ್ಬೆರಳು ಕಳಿಸುತ್ತಾಳೆ.