ಕ್ರೋನೋಗ್ರಾಫ್ ಯಂತ್ರಗರ್ಭ ಮೀಮಾಂಸೆ

ಕಾಲವನ್ನು ತಿಳಿಯಲಿಕ್ಕೆ ಗಡಿಯಾರದ ಮುಖವೊಂದು ಸಾಲದೆ, ಅದರ ಬೆನ್ನಿನ ಮುಚ್ಚಳವನ್ನೂ ತೆಗೆದು ನೋಡಿದಲ್ಲದೆ ತೃಪ್ತಿ ಹೊಂದದ ಗಡಿಯಾರರಸಿಕರ ಮತವನ್ನು ಯಥಾಶಾಸ್ತ್ರವಾಗಿ ವಿಚಾರಿಸುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನವು.

ಪೂರ್ವಪಕ್ಷಿಯ ಆಕ್ಷೇಪವಿದು: ಕ್ರೋನೋಗ್ರಾಫಿನ ಗುಂಡಿಯನ್ನೊತ್ತಿದರೆ ಸೆಕೆಂಡು ಅಳೆಯುವ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಇಷ್ಟಾದ ಮೇಲೆ ಒಳಗೆ ಏನಿದ್ದರೇನು? ಗಡಿಯಾರವನ್ನು ಬರಿಯ ಗಡಿಯಾರವೆಂದು ಬಗೆಯುವ ಅವಿದ್ಯೆಯಿಂದ ಹುಟ್ಟಿದ ಈ ವಾದವು ಗ್ರಾಹ್ಯವಲ್ಲ.

ಸಿದ್ಧಾಂತಿಗಳಲ್ಲಿ ಎರಡು ಪಂಗಡಗಳುಂಟು. ಕೋಟೆಯ ಬುರುಜಿನಂತೆ ಕಿರುಗಂಬಗಳನ್ನು ಹೊತ್ತು, ಗುಂಡಿಯನ್ನೊತ್ತಿದಾಗಲೆಲ್ಲ ಒಂದೊಂದು ಹಲ್ಲಿನಷ್ಟೇ ತಿರುಗಿ, ಕಂಬಕ್ಕೆ ತಾಗಿದ ಸನ್ನೆಯನ್ನು ಎತ್ತಿಯೂ ಕಂಬಗಳ ನಡುವಣ ತೆರವಿಗೆ ಜಾರಿದ ಸನ್ನೆಯನ್ನು ಇಳಿಸಿಯೂ ಸಕಲ ವ್ಯವಹಾರವನ್ನೂ ನಡೆಸುವ ಸ್ತಂಭಚಕ್ರವೇ ಪರದೈವವೆಂಬುವರು ಮೊದಲನೆಯವರು. ಅಚ್ಚಿನಲ್ಲಿ ಕತ್ತರಿಸಿದ ಉಕ್ಕಿನ ಕ್ಯಾಮ್ ಅತ್ತಿತ್ತ ಸರಿದು ಅದೇ ಕಾರ್ಯವನ್ನು ಅಗ್ಗವಾಗಿ ಮಾಡುವುದೆಂದು ವಾಲ್ಜೂ 7750 ಎಂಬ ಯಂತ್ರವನ್ನು ಸಾಕ್ಷಿಗೆ ಕರೆಯುವರು ಎರಡನೆಯವರು. ಎರಡೂ ಅಳೆಯುವ ಸೆಕೆಂಡು ಒಂದೇ. ಭೇದವಿರುವುದು ಬೆರಳ ತುದಿಯಲ್ಲಿ: ಕಂಬದವರ ಗುಂಡಿ ನಯವಾಗಿ ಇಳಿಯುವುದೆಂದೂ ಕ್ಯಾಮಿನವರದು ಬಿರುಸೆಂದೂ ಪ್ರತೀತಿ. ಸ್ವಾನುಭವೈಕವೇದ್ಯವಾದ ಈ ಸುಖವು ಗಡಿಯಾರದ ಬೆಲೆಯನ್ನು ಕೇಳಿದ ಮನೆಯವರಿಗೆ ತಿಳಿಯತಕ್ಕದ್ದಲ್ಲ.

ಒಮೇಗಾ ಗಡಿಯಾರದವರು 1968ರಲ್ಲಿ ತಮ್ಮ ಸ್ಪೀಡ್‌ಮಾಸ್ಟರಿನ ಸ್ತಂಭಚಕ್ರದ 321 ಎಂಬ ಯಂತ್ರವನ್ನು ಬಿಟ್ಟು ಕ್ಯಾಮಿನ 861ಕ್ಕೆ ಹೊರಳಿದ್ದನ್ನು ರಸಿಕರು ಧರ್ಮಗ್ಲಾನಿಯೆಂದೇ ಎಣಿಸಿದ್ದಾರೆ. 2019ರಲ್ಲಿ 321ರ ಪುನರವತಾರವು ಘೋಷಿತವಾಯಿತು. 1970ರಲ್ಲಿ ಅಪೊಲೊ 13ರ ಯಾತ್ರಿಗಳು 14 ಸೆಕೆಂಡುಗಳ ಎಂಜಿನ್ ಉರಿಯನ್ನು ಒಮೇಗಾ ಕೈಗಡಿಯಾರದಲ್ಲಿ ಅಳೆದು ದಾರಿ ತಿದ್ದಿಕೊಂಡಾಗ ಕಂಬವೋ ಕ್ಯಾಮೋ ಎಂದು ಚರ್ಚಿಸಿದರೆಂಬುದಕ್ಕೆ ಪ್ರಮಾಣವಿಲ್ಲ; ಅವರಿಗೆ ಅವಸರವಿದ್ದಿತು.

ಈ ಮತಕ್ಕೆ ಸಂತರೂ ಉಂಟು. ಸ್ವಿಟ್ಜರ್ಲೆಂಡಿನ ಲ ಲಾಕ್ಲ್ ಊರಿನ ಜೆನಿತ್ ಕಾರ್ಖಾನೆಯು 1969ರಲ್ಲಿ ಗಂಟೆಗೆ 36,000 ಬಾರಿ ಮಿಡಿಯುವ ಎಲ್ ಪ್ರಿಮೆರೊ ಯಂತ್ರವನ್ನು ಹಡೆದು ಆರೇ ವರುಷಗಳಾಗಿದ್ದವು. ಅಷ್ಟರಲ್ಲೇ ಕ್ವಾರ್ಟ್ಜ್ ಗಡಿಯಾರಗಳ ಪ್ರಳಯಕ್ಕೆ ಅಂಜಿದ ಅಮೆರಿಕದ ಒಡೆಯರು, ಕೀಲಿಯ ಗಡಿಯಾರಗಳ ಕೆಲಸವನ್ನು ನಿಲ್ಲಿಸಿ ಸಲಕರಣೆಗಳನ್ನು ತೊಲಗಿಸಿರೆಂದು ಅಪ್ಪಣೆಯಿತ್ತರು. ಆಗ ಶಾರ್ಲ್ ವೆರ್ಮೊ ಎಂಬ ಕುಶಲಕರ್ಮಿಯು ಅಚ್ಚು, ಉಪಕರಣ, ನಕ್ಷೆಗಳನ್ನೆಲ್ಲ ಒಡೆಯರ ಕಣ್ಣು ತಪ್ಪಿಸಿ ಕಾರ್ಖಾನೆಯ ಅಟ್ಟದ ಮೇಲೆ ಬಚ್ಚಿಟ್ಟು, ಯಾವುದು ಎಲ್ಲಿದೆಯೆಂದು ಬರೆದೂ ಇಟ್ಟನು. ಆಜ್ಞೋಲ್ಲಂಘನವು ಇಷ್ಟು ಅಚ್ಚುಕಟ್ಟಾಗಿ ನಡೆದ ನಿದರ್ಶನಗಳು ಅಪೂರ್ವ. 1980ರ ದಶಕದಲ್ಲಿ ಅಟ್ಟದ ಸಾಮಗ್ರಿ ಕೆಳಗಿಳಿಯಿತು; 1988ರಲ್ಲಿ ರೋಲೆಕ್ಸಿನವರೇ ತಮ್ಮ ಡೇಟೋನಾ ಕ್ರೋನೋಗ್ರಾಫಿಗೆ ಆ ಯಂತ್ರವನ್ನು ಬೇಡಿ ಪಡೆದು, ಮಿಡಿತವನ್ನು 28,800ಕ್ಕೆ ಇಳಿಸಿಕೊಂಡರು. ದೊಡ್ಡವರ ಮನೆಯಲ್ಲಿ ನಾಡಿಯೂ ನಿಧಾನವಷ್ಟೆ.

ಇನ್ನು ಓಡುವ ಗಡಿಯಾರಕ್ಕೆ ಕ್ರೋನೋಗ್ರಾಫಿನ ಮುಳ್ಳನ್ನು ಕೂಡಿಸುವ ಕ್ಲಚ್ಚಿನ ವಿಚಾರ. ಅಡ್ಡಲಾಗಿ ಸರಿದು ಹಲ್ಲಿಗೆ ಹಲ್ಲು ಕೂಡಿಸುವ ಪ್ರಾಚೀನ ಕ್ರಮದಲ್ಲಿ ಹಲ್ಲುಗಳ ತುದಿಗಳು ಎದುರುಬದುರಾದರೆ ಮುಳ್ಳು ಹೊರಡುವಾಗ ಬೆಚ್ಚಿ ನೆಗೆಯುವುದು. ಜಪಾನಿನ ಸೈಕೊ 6139ರಲ್ಲಿ ಕಾಣುವಂತೆ, ಬಿಲ್ಲೆಗಳು ಮೇಲಿನಿಂದ ಒತ್ತಿ ಕೂಡುವ ಲಂಬಕ್ರಮದಲ್ಲಿ ಆ ದೋಷವಿಲ್ಲ. ಮುಳ್ಳು ಹಗಲಿರುಳು ಓಡುತ್ತಿದ್ದರೂ ಯಂತ್ರಕ್ಕೆ ವಿಶೇಷ ಬಾಧೆಯಿಲ್ಲ. ಆದಕಾರಣ ಲಂಬವಾದಿಗಳು ಬೆಳಿಗ್ಗೆ ಗುಂಡಿಯನ್ನೊತ್ತಿ, ಯಾವುದನ್ನೂ ಅಳೆಯದೆ, ರಾತ್ರಿಯವರೆಗೂ ಮುಳ್ಳನ್ನು ಓಡಿಸುತ್ತಿರಬಹುದೆಂದು ನಿರ್ಣಯ. ಅಡ್ಡವಾದಿಗಳು ಮಾತ್ರ ಏನನ್ನಾದರೂ ಅಳೆಯುವುದಿದ್ದರೆ ಒತ್ತತಕ್ಕದ್ದು.