ಗೀರುಗಳಿಗೆ ದರ ಪ್ರತ್ಯೇಕ

ಎಲೆಕ್ಟ್ರಿಕ್ ಗಿಟಾರ್ ಎಂಬುದು, ಅದರ ಬಣ್ಣ ಬಿನ್ನಾಣವನ್ನೆಲ್ಲ ಬದಿಗಿಟ್ಟು ನೋಡಿದರೆ, ಸಂಗೀತಕ್ಕಿಂತ ಹೆಚ್ಚಾಗಿ ನಮ್ಮ ವಿದ್ಯುತ್ ಇಲಾಖೆಗೆ ಸೇರಿದ ಸಾಮಾನು. ಆರು ಅಯಸ್ಕಾಂತದ ತುಂಡು, ಅದರ ಸುತ್ತ ಕೂದಲೆಳೆಯ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಕೆಳಗೆ ಸುರುಳಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲೇ ಹೇಳಿ ಮುಗಿಸಿದ ವಿಷಯ. ಆದ್ದರಿಂದ ಇಡೀ ಸರ್ವೀಸನ್ನು ಟ್ರಾನ್ಸ್‌ಫಾರ್ಮರುಗಳ ನಡುವೆ ಕಳೆದು ನಿವೃತ್ತನಾದ ನಾನು ಅಂಥದ್ದೊಂದನ್ನು ಕೊಳ್ಳಹೊರಟಾಗ "ಈ ವಯಸ್ಸಿನಲ್ಲಿ ಇದೆಂಥ ಹುಚ್ಚು" ಎಂದವರು ನನ್ನ ಸರ್ವೀಸ್ ರಿಜಿಸ್ಟರ್ ಓದಿದವರಲ್ಲ.

ಮನೆಯಲ್ಲಿ ಒಂದು ಗಿಟಾರ್ ಆಗಲೇ ಇದೆ, ಇಪ್ಪತ್ತು ಸಾವಿರ ಚಿಲ್ಲರೆಯದು. ನನ್ನ ಮಗನಿಗಿಂತ ಚಿಕ್ಕವರಾದ ಮೇಷ್ಟ್ರು ಮನೆಗೇ ಬಂದು ಕಲಿಸುತ್ತಾರೆ. ಎಫ್ ಎಂಬ ಕಾರ್ಡ್ ಹಿಡಿಯಲು ತೋರುಬೆರಳೊಂದನ್ನೇ ಆರೂ ತಂತಿಗಳ ಮೇಲೆ ಅಡ್ಡಡ್ಡ ಮಲಗಿಸಬೇಕು. ನನ್ನ ಬೆರಳೇನೋ ಮಲಗುತ್ತದೆ, ತಂತಿಗಳು ಏಳುವುದಿಲ್ಲ. ಅದಿರಲಿ. ಆಂಪ್ಲಿಫೈಯರಿಗೆ ಸಿಕ್ಕಿಸಿದೊಡನೆ, ನಾನಿನ್ನೂ ಕೈಯಿಡುವ ಮೊದಲೇ, ಗಿಟಾರು ಗುಂಯ್ ಎನ್ನುತ್ತದೆ. ಮನೆಯ ವೈರಿಂಗಿನ 50 ಹರ್ಟ್ಸ್ ಸುರುಳಿಯೊಳಗೆ ನುಸುಳಿ ಹಾಡುವ ಹಾಡು ಅದು. ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರು 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ಜೋಡಿಸಿ ಈ ಗುಂಯ್‌ಕಾರವನ್ನು ಅಡಗಿಸಿದರು. ನನಗೆ ಅದು ಅಡಗುವುದೇ ಬೇಡ. ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ಗುನುಗುವುದು 100 ಹರ್ಟ್ಸಿನಲ್ಲಿ. ಇದು ಅದೇ ಸ್ವರ, ಒಂದು ಸ್ಥಾಯಿ ಕೆಳಗೆ. ರಾತ್ರಿ ಪಾಳಿಗಳೆಲ್ಲ ನೆನಪಾಗಿ ಗಂಟಲು ಕಟ್ಟುತ್ತದೆ. ನನ್ನ ಗಿಟಾರಿನಿಂದ ಇದುವರೆಗೆ ತಪ್ಪಿಲ್ಲದೆ ಹೊರಟ ಸ್ವರವೂ ಅದೊಂದೇ.

ನನಗೀಗ ಬೇಕಾಗಿರುವುದು ಅಮೆರಿಕದಲ್ಲೇ ತಯಾರಾದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್. ಬೆಲೆ ಎರಡು ಲಕ್ಷದ ಆಸುಪಾಸು. ಎಸ್ಟಿಮೇಟಿಲ್ಲದೆ ಒಂದು ಲೈಟುಕಂಬವನ್ನೂ ನೆಡಿಸಿದವನಲ್ಲ ನಾನು. ಬಿಳಿ ಹಾಳೆಯಲ್ಲಿ ಗೆರೆ ಎಳೆದು ಕೂತೆ. ಆಲ್ಡರ್ ಮರದ ಹಲಗೆ ಒಂದು, ಮೇಪಲ್ ಮರದ ಕತ್ತು ಒಂದು, ತಾಮ್ರದ ಸುರುಳಿ ಮೂರು, ತಿರುಗಣೆ ಮೂರು, ಸ್ವಿಚ್ಚು ಒಂದು, ಸ್ಕ್ರೂ, ಪೇಂಟು, ಕೂಲಿ. ದರಗಳನ್ನು ಧಾರಾಳವಾಗಿಯೇ ಹಿಡಿದು, ಅದರ ಮೇಲೆ ಗುತ್ತಿಗೆದಾರನ ಲಾಭ, ಸುಂಕ, ಜಿಎಸ್‌ಟಿ ಎಲ್ಲ ಕೂಡಿಸಿದರೂ ಮೊತ್ತ ಐವತ್ತು ಸಾವಿರ ದಾಟಲೊಲ್ಲದು. ಮಿಕ್ಕ ಒಂದೂವರೆ ಲಕ್ಷವನ್ನು "ಇತರೆ ವೆಚ್ಚ" ಎಂಬ ಬಾಬಿಗೆ ಹಾಕಬೇಕಾಯಿತು. ಯಾವನಾದರೂ ಜೆ.ಇ. ಇಂಥ ಎಸ್ಟಿಮೇಟ್ ಹಿಡಿದು ನನ್ನ ಮುಂದೆ ಬಂದಿದ್ದರೆ ಫೈಲನ್ನು ಅವನ ಕಡೆಗೇ ನೂಕುತ್ತಿದ್ದೆ.

ಈ "ಇತರೆ"ಯ ಹೊಟ್ಟೆಯಲ್ಲಿ ಏನಿದೆ? ಫೆಂಡರಿಗೆ ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ಒಂದು ಕಾರ್ಖಾನೆ, ಗಡಿಯಾಚೆ ಮೆಕ್ಸಿಕೋದ ಎನ್ಸೆನಾಡಾದಲ್ಲಿ ಇನ್ನೊಂದು. ಬೆಳಿಗ್ಗೆ ತಿಂಡಿ ತಿಂದು ಕಾರು ಹತ್ತಿದರೆ ಮಧ್ಯಾಹ್ನದೊಳಗೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಆದರೆ ಎನ್ಸೆನಾಡಾದ್ದಕ್ಕಿಂತ ಕೊರೋನಾದ್ದಕ್ಕೆ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ. ಇನ್ನು ನಾದದ ಮಾತೋ? ನ್ಯಾಶ್‌ವಿಲ್ಲಿನ ಜಿಮ್ ಲಿಲ್ ಎಂಬ ವಾದಕರು ದುಬಾರಿ ಗಿಟಾರಿನ ನಾದ ಯಾವ ಭಾಗದಿಂದ ಬರುತ್ತದೆಂದು ಹುಡುಕುತ್ತ ಒಂದೊಂದೇ ಭಾಗ ಬದಲಿಸಿ, ಕಳಚಿ, ಕಡೆಗೆ ಗಿಟಾರಿನ ಮೈಯನ್ನೇ ಕಿತ್ತೊಗೆದರು. ಎರಡು ಆಧಾರಗಳ ನಡುವೆ ಬರೀ ಗಾಳಿಯಲ್ಲಿ ತಂತಿ ಬಿಗಿದು, ಕೆಳಗೊಂದು ಪಿಕಪ್, ಅಂದರೆ ಅದೇ ಅಯಸ್ಕಾಂತದ ಸುರುಳಿ, ಇಟ್ಟು ನುಡಿಸಿದ ಅವರ ವಿಡಿಯೊ ನೋಡಿದೆ. ಗಿಟಾರೇ ಇಲ್ಲ, ನಾದ ಮಾತ್ರ ಅದೇ! ಕ್ವೀನ್ ತಂಡದ ಬ್ರಯಾನ್ ಮೇ ಹುಡುಗನಾಗಿದ್ದಾಗ, 1963ರಲ್ಲಿ, ಅಪ್ಪನ ಜೊತೆ ಕೂತು ಹಳೇ ಬೆಂಕಿಗೂಡಿನ ಮರ, ಮೋಟರ್‌ಸೈಕಲ್ಲಿನ ಸ್ಪ್ರಿಂಗು, ಅಮ್ಮನ ಹೆಣಿಗೆಯ ಕಡ್ಡಿ ಸೇರಿಸಿ ಗಿಟಾರ್ ಮಾಡಲು ಶುರುಮಾಡಿದರು. ಲೋಕವೆಲ್ಲ ಕೇಳಿದ್ದು ಆ ಗಿಟಾರನ್ನೇ. ಎಂಜಿನಿಯರನಾಗಿ ಇವರಿಬ್ಬರನ್ನೂ ಮನಸಾರೆ ಮೆಚ್ಚಿದೆ. ಮೆಚ್ಚಿ, ಆ ಕಿಟಕಿ ಮುಚ್ಚಿ, ಎರಡು ಲಕ್ಷದ್ದರ ಚಿತ್ರ ತೆರೆದು ಮತ್ತೆ ನೋಡುತ್ತ ಕೂತೆ.

ನನಗೆ ಧೈರ್ಯ ತುಂಬಿದವರು ಒಬ್ಬರೇ, ಲಿಯೋ ಫೆಂಡರ್. ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಮಹಾನುಭಾವ. 1954ರಲ್ಲಿ ಸ್ಟ್ರಾಟೊಕ್ಯಾಸ್ಟರನ್ನು ಹೊರತಂದ ಅವರಿಗೆ ಗಿಟಾರ್ ನುಡಿಸಲು ಕಡೆಯವರೆಗೂ ಬರುತ್ತಿರಲಿಲ್ಲ. ಮಾಡಿದವರಿಗೇ ಬಾರದ ವಿದ್ಯೆಯನ್ನು ಕೊಳ್ಳುವವನಲ್ಲಿ ಹುಡುಕುವುದು ಯಾವ ನ್ಯಾಯ?

ಪಕ್ಕದ ಮನೆಯವರಿಗೆ ಈ ನ್ಯಾಯ ಒಪ್ಪಿಗೆಯಾಗಲಿಲ್ಲ. "ಮೈಸೂರಲ್ಲಿದ್ದುಕೊಂಡು ವೀಣೆ ಬಿಟ್ಟು ಕರೆಂಟಿನ ಗಿಟಾರೇ ಸ್ವಾಮಿ?" ಎಂದು ಕಾಂಪೌಂಡಿನ ಮೇಲಿನಿಂದ ಕೇಳಿದರು. ಇವರು ಕಚೇರಿಗೆ ಹೋದರೆ ತನಿಯಾವರ್ತನ ಶುರುವಾಗುವ ಹೊತ್ತಿಗೆ ಕ್ಯಾಂಟೀನಿನಲ್ಲಿರುವವರು. ನಾನು ಬಿಡಲಿಲ್ಲ. ನಮ್ಮ ತಿರುಮಕೂಡಲಿನ ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದ್ದು ಏಕೆ? ಹಿಂದಿನ ಸಾಲಿನವರಿಗೂ ಕೇಳಲಿ ಎಂದು. ಬ್ಯಾಂಡಿನ ತುತ್ತೂರಿಗಳ ಅಬ್ಬರದಲ್ಲಿ ಗಿಟಾರು ಕೇಳಿಸದೆ ಹೋದಾಗ ಅಮೆರಿಕದವರು ಮಾಡಿದ್ದೂ ಅದೇ ಯೋಚನೆ; ಅವರು ತಂತಿಯ ಬದಲು ಕರೆಂಟು ಸೇರಿಸಿದರು, ಅಷ್ಟೆ. "ಚೌಡಯ್ಯನವರು ಬಾರಿಸುತ್ತಿದ್ದರು ಸ್ವಾಮಿ" ಎಂದು ಹೇಳಿ ಅವರು ಒಳಗೆ ಹೋದರು. ನೆರೆಹೊರೆಯವರಿಗೆ ಇಷ್ಟು ಚೆನ್ನಾಗಿ ಮಾತು ಬರಬಾರದು.

ಮರದ ವಿಷಯದಲ್ಲಾದರೂ ನಾನು ಗೆದ್ದೆನೆಂದುಕೊಂಡಿದ್ದೆ. ಗಿಟಾರಿನಲ್ಲಿ ಬೆರಳು ಊರುವ ಪಟ್ಟಿಗೆ "ಇಂಡಿಯನ್ ರೋಸ್‌ವುಡ್" ಎಂದು ಬರೆದಿರುತ್ತಾರಲ್ಲ, ಅದು ನಮ್ಮ ಮಲೆನಾಡಿನ ಬೀಟೆ. 2017ರ ಆರಂಭದಲ್ಲಿ ಈ ಕುಲದ ಮರ ಗಡಿ ದಾಟಬೇಕಾದರೆ ಪರವಾನಗಿ ಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದು ಗಿಟಾರ್ ಕಂಪನಿಗಳೆಲ್ಲ ಕಂಗೆಟ್ಟಿದ್ದವು; 2019ರ ಕೊನೆಗೆ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಸಕಲೇಶಪುರದ ನಮ್ಮ ಹಳೇ ಮನೆಯಲ್ಲಿ ಅಜ್ಜನ ಬೀಟೆ ಮಂಚ ಈಗಲೂ ಇದೆ. ಅದರ ಒಂದು ಕಾಲಿನಿಂದ ಎಷ್ಟು ಗಿಟಾರಿಗೆ ಪಟ್ಟಿ ಏಳಬಹುದೆಂದು ಟೇಪು ಹಿಡಿದು ಅಳೆಯುತ್ತಿದ್ದಾಗ ದೊಡ್ಡಪ್ಪ ಬಂದು ಬಾಗಿಲಲ್ಲಿ ನಿಂತರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಕಣ್ಣಾರೆ ನೋಡಿಯೇಬಿಡೋಣವೆಂದು ಬೆಂಗಳೂರಿನ ಅಂಗಡಿಗೆ ಹೋದೆ. ರೈಲು, ಮೆಟ್ರೊ, ಬಿಸಿಲು ಎಲ್ಲ ಇದ್ದದ್ದೇ. ಅಂಗಡಿಯ ಹುಡುಗ ಮಂಡ್ಯ ಕಡೆಯವನು, ಮಾತಿನಲ್ಲೇ ಗೊತ್ತಾಯಿತು. ಗೋಡೆಯ ಮೇಲೆ ನನ್ನ ಎರಡು ಲಕ್ಷದ್ದು ಥಳಥಳಿಸುತ್ತಿತ್ತು. ಅದರ ಪಕ್ಕದಲ್ಲಿ ಅದೇ ಆಕಾರದ ಇನ್ನೊಂದು. ಬಣ್ಣ ಎದ್ದುಹೋಗಿ ಮರ ಕಾಣುತ್ತಿದೆ, ಸ್ಕ್ರೂಗಳಿಗೆ ತುಕ್ಕು ಹತ್ತಿದೆ, ಅಂಚೆಲ್ಲ ಜಜ್ಜಿದೆ.

"ಇದನ್ಯಾಕಪ್ಪಾ ಇನ್ನೂ ನೇತುಹಾಕಿದ್ದೀರಿ? ಸಾಗಣೇಲಿ ಪೆಟ್ಟು ಬಿದ್ದಿದೆ, ಕ್ಲೇಮ್ ಹಾಕ್ಲಿಲ್ವೇ?"

"ಪೆಟ್ಟಲ್ಲ ಸಾರ್, ರೆಲಿಕ್ ಅದು. ಹಳೇದರ ಥರ ಕಾಣ್ಲಿ ಅಂತ ಅಲ್ಲೇ ಉಜ್ಜಿ, ಕೆರೆದು ಕಳಿಸ್ತಾರೆ."

"ಹಾಗಾದ್ರೆ ಕಡಿಮೆಗೆ ಕೊಡ್ತೀರಿ ಅನ್ನಿ."

"ನಾಲ್ಕೂ ಮುಕ್ಕಾಲು ಸಾರ್."

ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ. ಕೆಟ್ಟ ಟ್ರಾನ್ಸ್‌ಫಾರ್ಮರುಗಳನ್ನು ಗುಜರಿಗೆ ಹಾಕುವ ಸಮಿತಿಯಲ್ಲಿ ಕೂತವನು ನಾನು. ವರ್ಷವರ್ಷವೂ ಸವಕಳಿ ಕಳೆದು, ಕಳೆದು, ಪುಸ್ತಕದಲ್ಲಿ ಬೆಲೆಯೇ ಇಲ್ಲದಂತೆ ಮಾಡಿ, ಮೂರು ಸಹಿ ಹಾಕಿ ಸಾಮಾನನ್ನು ಬೀಳ್ಕೊಟ್ಟವನು. ಇಲ್ಲಿ ನೋಡಿದರೆ ಸವಕಳಿಯನ್ನು ಕೂಡಿದ್ದಾರೆ! ಅದರಲ್ಲೂ ಅಂದಾಜಿಲ್ಲದೆ ಕೂಡಿಲ್ಲ, ದರ್ಜೆಗಳಿವೆ. "ಕ್ಲೋಸೆಟ್ ಕ್ಲಾಸಿಕ್" ಎಂದರೆ ಬೀರುವಿನಲ್ಲಿಟ್ಟು ಮರೆತದ್ದು. "ಜರ್ನಿಮನ್ ರೆಲಿಕ್" ಎಂದರೆ ಊರೂರು ಸುತ್ತಿದ್ದು, ಆದರೆ ಜೋಪಾನವಾಗಿ. "ಹೆವಿ ರೆಲಿಕ್" ಎಂದರೆ ಬಾಳಿನಲ್ಲಿ ಬಹಳ ನೊಂದದ್ದು. ಅದರ ಮೇಲೆ "ಸೂಪರ್ ಹೆವಿ" ಬೇರೆ. ಫೆಂಡರಿನವರು 1995ರಿಂದ ಈ ಕಸುಬು ನಡೆಸಿದ್ದಾರಂತೆ.

ಹುಡುಗ ಗಿಟಾರನ್ನು ಇಳಿಸಿ ಮೇಜಿನ ಮೇಲೆ ಮಲಗಿಸಿದ. ನಾನು ತನಿಖಾಧಿಕಾರಿಯಂತೆ ಬಗ್ಗಿದೆ. ಬಲ ಮೊಣಕೈ ಒರಗುವ ಜಾಗದಲ್ಲಿ ಬಣ್ಣ ಹೋಗಿತ್ತು: ಸರಿ. ಬೆನ್ನಿನಲ್ಲಿ ಬೆಲ್ಟಿನ ಬಕಲ್ ಕೊರೆದ ಗೀರುಗಳು: ಸರಿ. ತಲೆಯ ಕಡೆ, ತಂತಿಯ ತುದಿಗೆ ವಾದಕರು ಸಿಗರೇಟು ಸಿಕ್ಕಿಸುವಲ್ಲಿ, ಒಂದು ಕಂದು ಸುಟ್ಟಗಾಯ. ಅಲ್ಲಿ ನನ್ನ ಕಣ್ಣು ನೆಟ್ಟಿತು. ಯಾರು ಸುಟ್ಟಿರಬಹುದು ಇದನ್ನು? ಕೊರೋನಾದಲ್ಲಿ ಒಬ್ಬ ಸಂಸಾರಸ್ಥ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಕೆಲಸಕ್ಕೆ ಬಂದು, ಹಾಜರಿ ಹಾಕಿ, ಹೊಚ್ಚ ಹೊಸ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಸೇದದೆ, ಬರೀ ತಗುಲಿಸಿ, ಬೇರೊಬ್ಬ ಎಂದೂ ಸೇದದ ಸಿಗರೇಟಿನ ಗುರುತು ಮಾಡುತ್ತಾನೆ. ಸಂಜೆ ಹೆಂಡತಿ ಕೇಳಿದರೆ "ಇವತ್ತು ಹನ್ನೆರಡು ಮೊಣಕೈ ಮುಗಿಸಿದೆ" ಎನ್ನುತ್ತಾನೆ. ವರ್ಷದ ಕೊನೆಗೆ ಮೇಲಧಿಕಾರಿ ಅವನ ಗೌಪ್ಯ ವರದಿ ಬರೆಯುತ್ತಾನೆ: ಬಕಲ್ ಕೆಲಸದಲ್ಲಿ ನಿಪುಣ, ತುಕ್ಕಿನಲ್ಲಿ ತೃಪ್ತಿಕರ, ಸಿಗರೇಟಿನಲ್ಲಿ ಆತುರ ಹೆಚ್ಚು.

ಅಲ್ಲೇ ನಿಂತು ನನ್ನ ಲೆಕ್ಕವನ್ನೂ ಹಾಕಿದೆ. ದಿನಕ್ಕೆ ಅರ್ಧ ಗಂಟೆ ಅಭ್ಯಾಸ, ಅದರಲ್ಲಿ ಮುಕ್ಕಾಲು ಪಾಲು ಶ್ರುತಿ ಮಾಡುವುದಕ್ಕೇ ಖರ್ಚು. ಮೇಲೆ ತುಂಬುತೋಳಿನ ಸ್ವೆಟರು. ಈ ಗತಿಯಲ್ಲಿ ನನ್ನ ಮೊಣಕೈಯಿಂದ ಅಷ್ಟು ಬಣ್ಣ ಏಳಬೇಕಾದರೆ ಎರಡು ಮೂರು ಜನ್ಮ ಬೇಕು, ಮೂರರಲ್ಲೂ ಬಲಗೈಯವನಾಗಿಯೇ ಹುಟ್ಟಬೇಕು. ಅರವತ್ತು ವರ್ಷದ ಸವೆತಕ್ಕೆ ಎರಡು ಮುಕ್ಕಾಲು ಲಕ್ಷ ಹೆಚ್ಚುವರಿ ಎಂದರೆ ತಿಂಗಳಿಗೆ ನಾನೂರು ರೂಪಾಯಿಯೂ ಬೀಳುವುದಿಲ್ಲ. ಅಗ್ಗವೇ! ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರರ ಸ್ಟ್ರಾಟೊಕ್ಯಾಸ್ಟರಿನ ಬಣ್ಣ ಅವರ ಬೆವರಿಗೇ ಎದ್ದುಹೋಗಿತ್ತು. ಕಂಪನಿ ಅದನ್ನು ಬೋಳು ಜಾಗಗಳ ಸಮೇತ ನಕಲು ಮಾಡಿ ಮಾರಿತು. ಇನ್ನೊಬ್ಬ ವಾದಕ ಡೇವಿಡ್ ಗಿಲ್ಮೋರ್ 1970ರಲ್ಲಿ ಕೊಂಡ ಕಪ್ಪು ಸ್ಟ್ರಾಟೊಕ್ಯಾಸ್ಟರಿಗೆ ಕತ್ತು, ಪಿಕಪ್ಪು ಎಲ್ಲ ಬದಲಾಗಿದ್ದರೂ 2019ರ ಹರಾಜಿನಲ್ಲಿ 39,75,000 ಡಾಲರ್ ಬಂತು. ಅದರ ಪಕ್ಕದಲ್ಲಿ ನಾಲ್ಕೂ ಮುಕ್ಕಾಲು ಲಕ್ಷ ರೂಪಾಯಿ ಯಾವ ಲೆಕ್ಕ?

"ನುಡಿಸಿ ತೋರಿಸಪ್ಪಾ" ಎಂದೆ. ಹುಡುಗ ಸ್ಟೂಲೆಳೆದು ಕೂತು ನುಡಿಸಿದ. ಅವನು ತೋರುಬೆರಳನ್ನು ಅಡ್ಡ ಮಲಗಿಸಿದ್ದು ನನಗೆ ಕಾಣಿಸಲೇ ಇಲ್ಲ, ಅಷ್ಟು ಸಲೀಸು. ಹೊಸದರಲ್ಲಿ ನುಡಿಸಿದ, ಸವೆದದ್ದರಲ್ಲಿ ನುಡಿಸಿದ, ಮೂಲೆಯಲ್ಲಿದ್ದ ಹದಿನೈದು ಸಾವಿರದ್ದರಲ್ಲೂ ನುಡಿಸಿದ. ಕಣ್ಣು ಮುಚ್ಚಿಕೊಂಡಿದ್ದರೆ ನನಗೆ ಗೊತ್ತಾಗುತ್ತಿದ್ದುದು ಮೂರು ಸಲವೂ ಅವನೇ ನುಡಿಸುತ್ತಿದ್ದಾನೆಂಬುದೊಂದೇ.

ನಿನ್ನದು ಯಾವುದಪ್ಪಾ ಎಂದು ಕೇಳಿದ್ದಕ್ಕೆ ಸಂಕೋಚದಿಂದಲೇ ಒಳಗಿನಿಂದ ತಂದ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾನಂತೆ. ಪೆಂಡಾಲಿನ ಧೂಳು, ಮಳೆ, ಟೆಂಪೋದ ಹಿಂದಿನ ಸೀಟು. ಮೊಣಕೈಯ ಜಾಗ ಬೋಳಾಗಿತ್ತು. ಬಕಲಿನ ಗೀರು, ತುಕ್ಕು ಎಲ್ಲವೂ ಇದ್ದವು, ಎಲ್ಲಿರಬೇಕೋ ಅಲ್ಲೇ. ವೈರು ಸಿಕ್ಕಿಸುವ ಜಾಕಿಗೆ ನಮ್ಮ ಇಲಾಖೆಯ ಕಪ್ಪು ಇನ್ಸುಲೇಷನ್ ಟೇಪು.

"ಇದನ್ನ ಮಾರಿದ್ರೆ ಎಷ್ಟು ಬರಬಹುದು?"

"ಎರಡು ಸಾವಿರ ಬಂದ್ರೆ ಹೆಚ್ಚು ಸಾರ್. ತುಂಬಾ ಸವೆದೋಗದೆ ಅಂತಾರೆ."

ಅವನದನ್ನು ವ್ಯಂಗ್ಯವಾಗಿ ಹೇಳಲಿಲ್ಲ. ಹಾಗೆ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಶನಿವಾರ ಭಾನುವಾರ ಬಂದು ಅವನ ಕೈಯಲ್ಲಿ ಗಂಟೆಗಟ್ಟಲೆ ಬಾರಿಸಿಸಿ, ಫೋಟೊ ಹಿಡಿದು, "ಯೋಚಿಸಿ ಹೇಳ್ತೀನಿ" ಎಂದು ಹೋಗುವ ದೊಡ್ಡ ಸಂಬಳದವರ ಮೇಲೆ ನನಗೆ ಸಿಟ್ಟೇ ಬಂತು. ಆ ಸಿಟ್ಟಿನಲ್ಲೇ "ಯೋಚಿಸಿ ಹೇಳ್ತೀನಪ್ಪಾ" ಎಂದು ಹೊರಬಿದ್ದೆ. ನನ್ನ ಫೋನಿನಲ್ಲಿ ಬೆಲೆಚೀಟಿಯ ಫೋಟೊ ಇತ್ತು. ಅಳಿಸಲಿಲ್ಲ.

ರೈಲಿನುದ್ದಕ್ಕೂ ವಾದ ಹೊಂದಿಸಿಕೊಂಡೆ. ಇವಳು ಹೀಗೆಂದರೆ ನಾನು ಹಾಗೆನ್ನಬೇಕು. ಗ್ರಾಚ್ಯುಯಿಟಿಯ ಮಾತೆತ್ತಿದರೆ ಗಿಲ್ಮೋರ್, ವಯಸ್ಸಿನ ಮಾತೆತ್ತಿದರೆ ಲಿಯೋ ಫೆಂಡರ್. ಮನೆಗೆ ಬಂದು ಪೂರ್ವಪೀಠಿಕೆಯೊಂದಿಗೆ ಶುರುಮಾಡಿದೆ. ಇವಳು ಹುರುಳಿಕಾಯಿ ನಾರು ತೆಗೆಯುತ್ತಲೇ ಕೇಳಿ, "ತಗೊಳ್ಳಿ" ಎಂದಳು.

"ನಾಲ್ಕೂ ಮುಕ್ಕಾಲು ಲಕ್ಷ ಕಣೇ!"

"ನಿಮ್ಮ ದುಡ್ಡು, ನಿಮ್ಮ ಆಸೆ. ತಗೊಳ್ರೀ."

ಎದುರಾಳಿಯೇ ಇಲ್ಲದ ಅಖಾಡದಲ್ಲಿ ನಾನೊಬ್ಬನೇ ತೊಡೆ ತಟ್ಟಿಕೊಂಡು ನಿಂತಂತಾಯಿತು. ಈಗ ಬೇಡವೆನ್ನುವ ಕೆಲಸವೂ ನನ್ನ ಮೇಲೆಯೇ ಬಿತ್ತು. ಅದು ಬರೀ ಉಜ್ಜಿದ್ದಕ್ಕೆ ಕೊಡುವ ದುಡ್ಡು, ಹೊಸದಾದರೆ ಎರಡಕ್ಕೇ ಬರುತ್ತದೆ, ಎರಡಕ್ಕೂ ನಾದ ಒಂದೇ ಎಂದು ಅವಳ ಪರವಾಗಿ ನಾನೇ ವಾದಿಸತೊಡಗಿದೆ.

"ಹಾಗಾದ್ರೆ ಎರಡರದ್ದು ತಗೊಂಡು ಬನ್ನಿ. ಉಜ್ಜೋದಕ್ಕೆ ನಮ್ಮ ಲಕ್ಷ್ಮಮ್ಮ ಇಲ್ವೇ? ಹೊಸ ನಾನ್‌ಸ್ಟಿಕ್ ತವಾನ ಒಂದೇ ತಿಂಗಳಲ್ಲಿ ಏನು ಮಾಡಿದಳು ನೋಡಿದ್ರಲ್ಲ."

ಹಿತ್ತಿಲಲ್ಲಿ ಪಾತ್ರೆಯ ಸದ್ದು ನಿಂತಿತು. ಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು, ಏನನ್ನು ಉಜ್ಜಬೇಕು, ಎಷ್ಟು ಉಜ್ಜಬೇಕು, ಆ ದೇಶದಲ್ಲಿ ಅದಕ್ಕೆ ಏನು ಕೊಡುತ್ತಾರೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡಳು. ಎರಡು ಮುಕ್ಕಾಲು ಲಕ್ಷವೆಂದಾಗ ತವಾದ ಮಾತನ್ನು ನಂಬದವಳಂತೆ ನನ್ನ ಮುಖ ನೋಡಿದಳು.

"ಅದ್ರಲ್ಲಿ ಅರ್ಧ ಕೊಡಿ ಸಾರ್ ನಂಗೆ" ಎಂದಳು. "ಬೂದಿ ನಾನೇ ತರ್ತೀನಿ."