ಶೀರ್ಷಿಕೆಯಲ್ಲಿ ಕೀವರ್ಡ್: ಹಾನಗಲ್ಲ ಕದಂಬರೇ ಮೊದಲಿಗರೆಂದು ಸ್ಥಾಪಿಸುವ ಕಿರುಪ್ರಬಂಧ

ಜನ ಹುಡುಕುವ ಪದವನ್ನು ವೆಬ್‌ಪುಟದ ತಲೆಬರಹದಲ್ಲೇ ಕೂರಿಸಬೇಕೆಂಬ ಸೂತ್ರ 1998ರಲ್ಲಿ ಹುಟ್ಟಿದ ಗೂಗಲ್ಲಿನ ಕಾಲದ್ದೆಂದು ನಂಬಿದವರು ಶಾಸನ ಓದಿದವರಲ್ಲ. ಹಾನಗಲ್ಲ ಕದಂಬರಿಗೆ 'ಬನವಾಸಿಪುರವರಾಧೀಶ್ವರ' ಎಂಬ ಬಿರುದಿತ್ತು. ಅವರಿಗಾದರೆ ಬನವಾಸಿ ಪಕ್ಕದ ಊರು. ಘಟ್ಟದ ಕೆಳಗೆ ಕಡಲ ದಂಡೆಯಲ್ಲಿ ಆಳುತ್ತಿದ್ದ ಗೋವೆಯ ಕದಂಬರೂ ಅದೇ ಬಿರುದು ಹೊತ್ತಿದ್ದರು. ಒಂದೇ ಕೀವರ್ಡಿಗೆ ಎರಡು ಮನೆತನಗಳ ಪೈಪೋಟಿಗೆ ಇದಕ್ಕಿಂತ ಹಳೆಯ ದಾಖಲೆ ಬೇಕೆ? ದಾನಶಾಸನದಲ್ಲಿ ಬಿಟ್ಟ ಭೂಮಿ ಎಷ್ಟು ಮತ್ತರು ಎಂದು ತಿಳಿಯಲು ಬಿರುದುಗಳ ಉದ್ದನೆಯ ಸಾಲು ದಾಟಬೇಕು. ಉಪ್ಪಿಟ್ಟಿನ ಅಳತೆ ಹುಡುಕಿ ಇಂಟರ್‌ನೆಟ್ಟಿಗೆ ಇಳಿದವರಿಗೆ ಈ ಪ್ರಯಾಸ ಹೊಸದಲ್ಲ.

ಕಲ್ಲನ್ನು ಯಾರು ಸರ್ಚ್ ಮಾಡುತ್ತಿದ್ದರು ಎಂದು ಕೇಳಬಹುದು. ಮಾಡಿದರು, ತುಸು ತಡವಾಗಿ. 19ನೇ ಶತಮಾನದಲ್ಲಿ ಮುಂಬಯಿ ಸರ್ಕಾರದ ಅಧಿಕಾರಿ ಜೆ. ಎಫ್. ಫ್ಲೀಟ್ ಈ ಸೀಮೆಯ ಶಾಸನಗಳನ್ನು ಓದಿ, ರಾಜವಂಶಗಳನ್ನು ವಿಂಗಡಿಸಿದಾಗ ಆ ಬಿರುದುಗಳೇ ಜಾಡು ತೋರಿದವು. ಏಳೆಂಟು ನೂರು ವರ್ಷ ಕಾದು ಇಂಡೆಕ್ಸ್ ಆದ ಪುಟ ಬೇರೊಂದಿಲ್ಲ. ತಲೆಬರಹಕ್ಕೆ ಪದ ತುರುಕಿದರೆ ಗೂಗಲ್ ಶಿಕ್ಷಿಸುತ್ತದಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ಆದರೆ ಗೂಗಲ್ಲಿನ ಮುನಿಸು ಕೆಳಗೆ ಸರಕಿಲ್ಲದ ಪುಟದ ಮೇಲೆ. ಶಾಸನದಲ್ಲಿ ಬಿರುದಿನ ಕೆಳಗೆ ನಿಜವಾದ ಹೊಲವಿದೆ, ನಾಲ್ಕು ದಿಕ್ಕಿನ ಗಡಿಯಿದೆ, ಕಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗುತ್ತಾನೆಂಬ ಶಾಪವೂ ಇದೆ. ಎರಡನೇ ಪುಟಕ್ಕೆ ತಳ್ಳುವ ಗೂಗಲ್ ಇದರ ಮುಂದೆ ದಯಾಳು.

ಪ್ರಯೋಗದ ಪುರಾವೆಯೂ ಇದೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಅಂಕಿತಕ್ಕೆ ಸೇರಿಸಿದ್ದು ಕಾಗಿನೆಲೆಯನ್ನು. ನಾಡಿಗೆಲ್ಲ ಗೊತ್ತಾದದ್ದು ಕಾಗಿನೆಲೆ. ಅದೇ ತಾಲ್ಲೂಕಿನ ಶರೀಫರು ಹುಟ್ಟೂರನ್ನೇ ಸೇರಿಸಿದರು, ಶಿಶುನಾಳ ಗೆದ್ದಿತು. ಅಂಕಿತ ಬರುವುದು ಹಾಡಿನ ತುದಿಯಲ್ಲಲ್ಲವೇ ಎನ್ನುವವರು ಹಾಡಿನ ತಲೆ ಎಲ್ಲಿದೆಯೆಂದು ಮೊದಲು ತೋರಿಸಲಿ. ಇನ್ನು ಅದೇ ತಾಲ್ಲೂಕಿನ ಗೊಟಗೋಡಿ. 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದ ಹೆಸರಿನಲ್ಲಿ ರಾಜ್ಯವಿದೆ, ವಿಷಯವಿದೆ, ಊರಿಲ್ಲ. ಹೆದ್ದಾರಿ ಬದಿಯ ಉತ್ಸವ್ ರಾಕ್ ಗಾರ್ಡನ್ನಿನದೂ ಅದೇ ಕತೆ. ಎರಡಕ್ಕೂ ಗೊಟಗೋಡಿ ಬರೀ ವಿಳಾಸ. ಆದ್ದರಿಂದ ಕುಲಪತಿಗಳಿಗೆ 'ಗೊಟಗೋಡಿಪುರವರಾಧೀಶ್ವರ' ಎಂಬ ಬಿರುದನ್ನು ಕೂಡಲೇ ದಯಪಾಲಿಸತಕ್ಕದ್ದು. ತೀರಾ ಉದ್ದವಾಯಿತೆಂದು ಗೊಣಗಬೇಕಿಲ್ಲ: ಗೂಗಲ್ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಚುಕ್ಕಿ ಇಡುತ್ತದೆ. ಕತ್ತರಿ ತಾಗಿದರೂ ಹೋಗುವವನು ಅಧೀಶ್ವರ, ಊರು ಉಳಿಯುತ್ತದೆ.